ಒಂದು ತಾಸು ಐವತ್ತು ನಿಮಿಷದ ಹಾದಿ

ರಾಣೆಬೆನ್ನೂರು
12 ಜನವರಿ 2025

ಚಿ. ದಿಲನಾಜಳಿಗೆ,

ಹೆಸರು ನೋಡುವ ಮೊದಲೇ ಅಕ್ಷರದ ಮೇಲಿಂದ ನಿನಗೆ ಗುರುತು ಸಿಕ್ಕಿರಬಹುದು. ನೀನು ಮೂರನೇ ಇಯತ್ತೆಯಲ್ಲಿದ್ದಾಗ ನಿನ್ನ ಪುಸ್ತಕಗಳಿಗೆ ಕಾಗದ ಹೊದಿಸಿ ಹೆಸರು ಬರೆದುಕೊಟ್ಟವನು ನಾನು, ಕೊಟ್ರಪ್ಪ. ನಿನ್ನ ತಂದೆ ಶಾಬುದ್ದೀನ ಹಾವೇರಿ–ಕಾಗಿನೆಲೆ–ಬ್ಯಾಡಗಿ ಬಸ್ಸು ಓಡಿಸುತ್ತಿದ್ದಾಗ ಹದಿನಾಲ್ಕು ವರ್ಷ ಅದೇ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಈಗ ಹಾವೇರಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಒಂಬತ್ತು ವರ್ಷಗಳಿಂದ ನಿಮ್ಮ ಮನೆಯ ಕಡೆ ಬಂದಿಲ್ಲ. ಯಾಕೆಂದು ನಿನಗೆ ಗೊತ್ತು. ಆ ಮಾತು ಇವತ್ತು ಬೇಡ.

ನಿನ್ನ ನಂಬರನ್ನು ನಿನ್ನ ಸೋದರಮಾವ ಮುಸ್ತಾಕ್ ಕೊಟ್ಟರು. ಫೋನ್ ಮಾಡಲು ಎರಡು ಸಲ ಕೈ ಹಾಕಿದೆ. ನನ್ನ ದನಿ ಕೇಳಿ ನೀನು ಫೋನ್ ಇಟ್ಟುಬಿಟ್ಟರೆ ಮತ್ತೆ ಮಾಡುವ ಧೈರ್ಯ ನನಗೆ ಬರುತ್ತಿರಲಿಲ್ಲ. ಅದಕ್ಕೇ ಕಾಗದದಲ್ಲಿ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ.

ಸಂಗತಿ ಇಷ್ಟು. ನನ್ನ ಮಗ ಸುನೀಲಕುಮಾರ ನಿನಗೆ ನೆನಪಿರಬೇಕು, ನಿನಗಿಂತ ಎರಡು ವರ್ಷಕ್ಕೆ ದೊಡ್ಡವ. ಐಟಿಐ ಮುಗಿಸಿ ಇಲ್ಲೇ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಹೋದ ಆಗಸ್ಟಿನಲ್ಲಿ ದಿಲ್ಲಿಯ ಏಜೆಂಟನೊಬ್ಬನ ಮೂಲಕ ರಷ್ಯಾಕ್ಕೆ ಹೋದ. ಮುರ್ಮಾನ್ಸ್ಕ್ ಎಂಬ ಊರಿನಲ್ಲಿ ಹಡಗು ರಿಪೇರಿ ಕೆಲಸ. ಮೊನ್ನೆ ಗುರುವಾರ ಹಡಗಿನ ಮಗ್ಗುಲಿಗೆ ಕಟ್ಟಿದ ಅಟ್ಟಣಿಗೆ ಮೇಲೆ ಹಿಮ ಗಟ್ಟಿಯಾಗಿತ್ತಂತೆ. ಕಾಲು ಜಾರಿ ಮೂರಾಳು ಎತ್ತರದಿಂದ ಬಿದ್ದಿದ್ದಾನೆ. ಅವನ ಜೊತೆ ಕೆಲಸ ಮಾಡುವ ಒಡಿಶಾದ ಒಬ್ಬ ಹುಡುಗ ಹಿಂದಿಯಲ್ಲಿ ಹೇಳಿದ್ದು ಇಷ್ಟೇ: 'ಬದುಕಿದ್ದಾನೆ. ಎಡಗಾಲು ಚೂರಾಗಿದೆ. ನಮ್ಮನ್ನು ಒಳಗೆ ಬಿಡುತ್ತಿಲ್ಲ.' ಸುನೀಲನ ಫೋನು ಅವನ ಜೊತೆಗೇ ಬಿದ್ದು ಒಡೆದಿದೆ. ಏಜೆಂಟ್ ಫೋನ್ ಎತ್ತುತ್ತಿಲ್ಲ. ನನಗೆ ಪಾಸ್‌ಪೋರ್ಟ್ ಇಲ್ಲ. ನಾಳೆ ಹುಬ್ಬಳ್ಳಿಗೆ ಹೋಗಿ ಅರ್ಜಿ ಹಾಕುತ್ತೇನೆ.

ನೀನು ಅರ್ಖಾಂಗೆಲ್ಸ್ಕ್‌ನಲ್ಲಿ ಡಾಕ್ಟರಿಕೆ ಓದುತ್ತಿರುವುದು ಗೊತ್ತಿತ್ತು. ನಮ್ಮ ಕಚೇರಿಯ ಕಾವ್ಯಾ ಕಂಪ್ಯೂಟರಿನಲ್ಲಿ ನೋಡಿ ಹೇಳಿದಳು: 'ಕಂಟ್ರೋಲರ್ ಸಾಹೇಬ್ರ, ಎರಡೂ ಊರು ಉತ್ತರದ ತುದೀಗೇ ಅದಾವ್ರಿ. ನಡುವ ಆರು ನೂರು ಕಿಲೋಮೀಟರ್. ವಿಮಾನದಾಗ ಒಂದು ತಾಸು ಐವತ್ತು ನಿಮಿಷ ಅಷ್ಟ.'

ದಿಲನಾಜ, ಹಾವೇರಿಯಿಂದ ಶಿರಸಿ ಬಸ್ಸು ತೆಗೆದುಕೊಳ್ಳುವ ವೇಳೆ ಅದು. ಇಡೀ ರಷ್ಯಾದಲ್ಲಿ ಅವನಿಗೆ ಹತ್ತಿರ ಇರುವ ನಮ್ಮ ಕಡೆಯ ಜೀವ ನೀನೊಬ್ಬಳೇ. ಒಂದು ಸಲ ಹೋಗಿ ಅವನ ಮುಖ ನೋಡಿ ಬರಲು ಆಗುತ್ತದೆಯೇ? ಆಗದಿದ್ದರೆ ಆಗದೆಂದು ಒಂದು ಸಾಲು ಬರೆ.

ನಿನ್ನ ತಂದೆಯ ಜೊತೆಗಾರ,
ಕೊಟ್ರಪ್ಪ


ಅರ್ಖಾಂಗೆಲ್ಸ್ಕ್
13 ಜನವರಿ 2025

ಶ್ರೀ ಕೊಟ್ರಪ್ಪ ಅವರಿಗೆ,

ನಿಮ್ಮ ಪತ್ರ ಮುಟ್ಟಿತು. ಇಂದು ಮಧ್ಯಾಹ್ನ ಮುರ್ಮಾನ್ಸ್ಕ್‌ನ ಆಸ್ಪತ್ರೆಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. ಮೂರನೆಯದರಲ್ಲಿ ಸುನೀಲಕುಮಾರ ಇದ್ದಾನೆ. ತೀವ್ರ ನಿಗಾ ವಿಭಾಗದಲ್ಲಿದ್ದಾನೆ, ಎಚ್ಚರವಿದೆ. ಎಡಗಾಲಿನ ಮೂಳೆ ಮೊಣಕಾಲಿನ ಕೆಳಗೆ ಹಲವು ಕಡೆ ಮುರಿದಿದೆ, ರಕ್ತನಾಳಕ್ಕೂ ಪೆಟ್ಟಾಗಿದೆ. ಗುರುವಾರವೇ ಒಂದು ಶಸ್ತ್ರಕ್ರಿಯೆ ಆಗಿದೆ. ತಲೆಗೆ ಪೆಟ್ಟಾಗಿಲ್ಲ. ಅಲ್ಲಿ ಒಳಗೆ ಫೋನ್ ಬಿಡುವುದಿಲ್ಲ, ಹಾಗಾಗಿ ಅವನ ಜೊತೆ ಮಾತಾಡಲಾಗಲಿಲ್ಲ. ಗಲೀನಾ ಎಂಬ ನರ್ಸ್ ವಿಚಾರಿಸಿ ಹೇಳಿದರು. ನಿಮ್ಮ ಮಗನಿಗೆ ರಷ್ಯನ್ನಿನ ಹತ್ತು ಮಾತೂ ಬರುವುದಿಲ್ಲವಂತೆ. ಅವರಿಗೆ ಇಂಗ್ಲಿಷು ಬರುವುದಿಲ್ಲ.

ದೂರದ ಲೆಕ್ಕ ನೀವು ಬರೆದದ್ದು ಸರಿಯೇ. ಆದರೆ ಆ ಒಂದು ತಾಸು ಐವತ್ತು ನಿಮಿಷ ವಿಮಾನ ಹಾರಿದ ದಿನದ ಮಾತು. ಅದು ಚಿಕ್ಕ ವಿಮಾನ, ಮಂಗಳವಾರ ಮತ್ತು ಶನಿವಾರ ಮಾತ್ರ. ಗಾಳಿ ಎದ್ದರೆ ಇಲ್ಲ, ಹಿಮ ಬಿದ್ದರೆ ಇಲ್ಲ, ಸುರಕ್ಷತೆಗೆಂದು ನಿಲ್ದಾಣ ಮುಚ್ಚಿದರೂ ಇಲ್ಲ. ಎರಡು ಊರುಗಳ ನಡುವೆ ಸಮುದ್ರವಿದೆ. ಬೇರೆ ದಾರಿ ಇಲ್ಲ.

ನನಗೆ ಇಪ್ಪತ್ತನೇ ತಾರೀಖು ಪರೀಕ್ಷೆ ಇದೆ. ಅದು ತಪ್ಪಿದರೆ ವರ್ಷ ಹೋಗುತ್ತದೆ. ಇಪ್ಪತ್ತೊಂದರ ವಿಮಾನಕ್ಕೆ ಟಿಕೆಟ್ ತೆಗೆದಿದ್ದೇನೆ. ಅಲ್ಲಿಯವರೆಗೆ ದಿನವೂ ವಾರ್ಡಿಗೆ ಫೋನ್ ಮಾಡುತ್ತೇನೆ.

ಇತಿ,
ದಿಲನಾಜ ಶಾಬುದ್ದೀನ


ರಾಣೆಬೆನ್ನೂರು
16 ಜನವರಿ 2025

ಚಿ. ದಿಲನಾಜಳಿಗೆ,

ನಿನ್ನ ಪತ್ರವನ್ನು ಸುನೀಲನ ಅವ್ವ ಪ್ರೇಮವ್ವನಿಗೆ ಓದಿ ಹೇಳಿದೆ. 'ಎಚ್ಚರವಿದೆ' ಎಂಬ ಮಾತನ್ನು ಮೂರು ಸಲ ಓದಿಸಿಕೊಂಡಳು. ಆಮೇಲೆ ಒಲೆಯ ಮುಂದೆ ಕೂತವಳು ಎದ್ದು ಬಂದು ಕೇಳಿದಳು:

'ಆ ಹುಡುಗಿ ಯಾಕ ಹೋಗಬೇಕು ನಮ್ಮ ಸಲುವಾಗಿ?'

ಮತ್ತೆ ಅವಳೇ ಅಂದಳು:

'ಶಾಬುದ್ದೀನಣ್ಣ ಸತ್ತಾಗ ನಾವು ಮಣ್ಣಿಗೂ ಹೋಗಲಿಲ್ಲ. ಬ್ಯಾಡಗಿ ಏನ್ ದೂರಿತ್ತು? ಬಸ್ಸು ನಿಮ್ಮ ಕೈಯಾಗ ಇದ್ವು.'

ಅವಳ ಮಾತನ್ನು ಇದ್ದಂತೆ ನಿನಗೆ ಬರೆದಿದ್ದೇನೆ.

ಪರೀಕ್ಷೆ ಬಿಟ್ಟು ಹೋಗು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಹುಬ್ಬಳ್ಳಿಗೆ ಹೋಗಿ ಬಂದೆ. ಪಾಸ್‌ಪೋರ್ಟಿಗೆ ತುರ್ತು ಎಂದು ಬರೆದುಕೊಟ್ಟರೂ ಪೊಲೀಸ್ ತನಿಖೆ ಆಗಬೇಕು. ಅದು ಆದಮೇಲೆ ವೀಸಾ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಕುರ್ಚಿ ಕೊಡುತ್ತಾರೆ, ನೀರು ಕೊಡುತ್ತಾರೆ. ಕೆಲಸ ಮಾತ್ರ ಆಗುವುದಿಲ್ಲ. ಕಂಪನಿಯ ಕಡೆಯವನೊಬ್ಬ ಹಿಂದಿಯಲ್ಲಿ ಮಾತಾಡಿದ. 'ಚಿಂತೆ ಬೇಡ, ಚಿಂತೆ ಬೇಡ' ಎನ್ನುತ್ತಾನೆ. ಮೊನ್ನೆ ಮಾತ್ರ ಕಾಲ್ಬೆರಳುಗಳ ಬಣ್ಣ ಬದಲಾಗುತ್ತಿದೆ ಎಂದು ಅವನ ಬಾಯಿಂದ ಬಂತು. ಬಣ್ಣ ಬದಲಾಗುವುದು ಎಂದರೆ ಏನು ಎಂದು ನಿನ್ನನ್ನು ಕೇಳಬೇಕೆಂದಿದ್ದೆ. ಕೇಳುವುದಿಲ್ಲ. ನನಗೆ ಗೊತ್ತಾಗಿದೆ.

ಇನ್ನೊಂದು ಮಾತು. ನಾನು ಇಡೀ ಜನ್ಮ ವೇಳಾಪಟ್ಟಿ ನೋಡಿಕೊಂಡು ಬಂದವ, ನಕ್ಷೆ ಕಂಡರೆ ಸುಮ್ಮನಿರಲಾಗುವುದಿಲ್ಲ. ಕಾವ್ಯಾಳಿಗೆ ಹೇಳಿ ನಿಮ್ಮ ಕಡೆಯ ನಕ್ಷೆ ದೊಡ್ಡದು ಮಾಡಿಸಿ ನೋಡಿದೆ. ಅರ್ಖಾಂಗೆಲ್ಸ್ಕ್‌ನಿಂದ ದಕ್ಷಿಣಕ್ಕೆ ಇಳಿದು, ಬಿಳಿ ಸಮುದ್ರ ಸುತ್ತುಹಾಕಿ, ಮತ್ತೆ ಉತ್ತರಕ್ಕೆ ಏರಿ ಮುರ್ಮಾನ್ಸ್ಕ್‌ಗೆ ಹೋಗುವ ಒಂದು ರೈಲು ಹಳಿ ಕಾಣುತ್ತದೆ. ಒಂದೂವರೆ ದಿನದ ಹಾದಿ ಆದೀತು. ಅದು ಬರೀ ಕಟ್ಟಿಗೆ ಸಾಗಿಸುವ ಹಳಿಯೋ, ಜನರನ್ನು ಒಯ್ಯುವುದಿಲ್ಲವೋ, ಚಳಿಗಾಲದಲ್ಲಿ ಮುಚ್ಚುತ್ತಾರೋ ನನಗೆ ತಿಳಿಯದು. ನೀನು ಅಲ್ಲಿರುವವಳು, ನಿನಗೆ ಗೊತ್ತಿರುತ್ತದೆ. ನೀನು ಇಲ್ಲ ಎಂದ ಮೇಲೆ ಇಲ್ಲ.

ಪರೀಕ್ಷೆ ಚೆನ್ನಾಗಿ ಬರೆ.

ಕೊಟ್ರಪ್ಪ


ಅರ್ಖಾಂಗೆಲ್ಸ್ಕ್, ವಿಮಾನ ನಿಲ್ದಾಣ
22 ಜನವರಿ 2025

ಶ್ರೀ ಕೊಟ್ರಪ್ಪ ಅವರಿಗೆ,

ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ಪರೀಕ್ಷೆ ಮುಗಿಯಿತು.

ನಿನ್ನೆ ಬೆಳಿಗ್ಗೆ ಎಂಟಕ್ಕೆ ಇಲ್ಲಿಗೆ ಬಂದೆ. ಹತ್ತಕ್ಕೆ ಹೊರಡಬೇಕಿದ್ದ ವಿಮಾನವನ್ನು ಹನ್ನೆರಡಕ್ಕೆ ಎಂದರು, ಆಮೇಲೆ ಮೂರಕ್ಕೆ. ಮೂರಕ್ಕೆ ಬಸ್ಸಿನಲ್ಲಿ ವಿಮಾನದ ಹತ್ತಿರದವರೆಗೂ ಕರೆದುಕೊಂಡು ಹೋದರು. ಹದಿನೇಳು ಜನ ಇದ್ದೆವು. ಮೆಟ್ಟಿಲು ಹಚ್ಚಿದ್ದು ಕಾಣುತ್ತಿತ್ತು. ಅಲ್ಲಿಂದಲೇ ಬಸ್ಸು ತಿರುಗಿಸಿದರು. ಮುರ್ಮಾನ್ಸ್ಕ್‌ನ ಆಕಾಶ ಮುಚ್ಚಿದ್ದಾರೆ, ಡ್ರೋನ್ ಬಂದಿರಬಹುದು ಎಂದು ಯಾರೋ ಅಂದರು. ಯಾರೂ ಜಗಳ ಮಾಡಲಿಲ್ಲ. ಇಲ್ಲಿಯ ಜನಕ್ಕೆ ಇದು ಅಭ್ಯಾಸವಾಗಿದೆ. ನನ್ನ ಪಕ್ಕದಲ್ಲಿದ್ದ ಅಜ್ಜಿ ಚೀಲದಿಂದ ಬೇಯಿಸಿದ ಮೊಟ್ಟೆ ತೆಗೆದು ನನಗೊಂದು ಕೊಟ್ಟಳು.

ಇವತ್ತು ಹೆಚ್ಚಿನ ವಿಮಾನ ಬಿಡಬಹುದು ಎಂದಿದ್ದಕ್ಕೆ ಮತ್ತೆ ಬಂದು ಕೂತಿದ್ದೇನೆ. ಈಗಷ್ಟೇ ಅದೂ ಇಲ್ಲ ಎಂದರು. ಇನ್ನು ಶನಿವಾರ.

ಗಲೀನಾ ಜೊತೆ ದಿನವೂ ಮಾತಾಡುತ್ತೇನೆ. ನಿಮ್ಮೂರಿನ ಕಡೆಯವಳು ಬರುತ್ತಿದ್ದಾಳೆ ಎಂದು ಸುನೀಲಕುಮಾರನಿಗೆ ತಿಳಿಸಲು ಹೇಳಿದ್ದೇನೆ, ತಿಳಿಸುತ್ತಿದ್ದಾರಂತೆ. ಜ್ವರ ಇದೆ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ. ಡಾಕ್ಟರು ಇನ್ನೆರಡು ದಿನ ನೋಡುತ್ತಾರಂತೆ. ಆ ಮಾತಿನ ಅರ್ಥ ನಾನು ನಿಮಗೆ ಮುಚ್ಚಿಡುವುದಿಲ್ಲ. ಎರಡು ದಿನದಲ್ಲಿ ಸುಧಾರಿಸದಿದ್ದರೆ ಕಾಲು ತೆಗೆಯುತ್ತಾರೆ. ತೆಗೆಯದಿದ್ದರೆ ಜೀವಕ್ಕೆ ಅಪಾಯ.

ಪ್ರೇಮವ್ವ ಅವರಿಗೆ ಇದನ್ನು ಹೇಗೆ ಹೇಳಬೇಕೋ ನಿಮಗೇ ಗೊತ್ತು.

ಇತಿ,
ದಿಲನಾಜ


ರಾಣೆಬೆನ್ನೂರು
23 ಜನವರಿ 2025

ಚಿ. ದಿಲನಾಜಳಿಗೆ,

ಇವತ್ತು ರಜೆ ಹಾಕಿ ಮನೆಯಲ್ಲಿದ್ದೇನೆ. ಪ್ರೇಮವ್ವನಿಗೆ ಹೇಳಿದೆ. ಅಳಲಿಲ್ಲ. 'ಕಾಲ್ ಹೋದ್ರ ಹೋಗಲಿ, ಹುಡುಗ ಬರಲಿ' ಎಂದಳು. ಆಮೇಲೆ ಅವನ ಒಂದು ಜೊತೆ ಬೂಟು ಕಪಾಟಿನಿಂದ ತೆಗೆದು ಒರೆಸಿ, ಮತ್ತೆ ಅಲ್ಲೇ ಇಟ್ಟಳು.

ನೀನು ರೈಲಿನ ಬಗ್ಗೆ ಏನೂ ಬರೆಯಲಿಲ್ಲ. ನಾನು ಅದನ್ನು ಮತ್ತೆ ಕೇಳಬಾರದೆಂದು ನಿನ್ನೆ ಸಂಜೆ ಗಟ್ಟಿ ಮಾಡಿಕೊಂಡೆ. ಯಾಕೆಂದರೆ ಕೇಳುವವನಿಗೆ ಒಂದು ಯೋಗ್ಯತೆ ಇರಬೇಕು. ಮೊದಲ ಪತ್ರದಲ್ಲಿ 'ಆ ಮಾತು ಇವತ್ತು ಬೇಡ' ಎಂದು ಬರೆದೆ. ನನಗೆ ಬೇಕಾದದ್ದು ಕೇಳಲು ನಾಚಿಕೆಯಾಗಲಿಲ್ಲ, ನಾನು ಕೊಡಬೇಕಾದ ಮಾತನ್ನು ಮಾತ್ರ ಮುಂದೂಡಿದೆ.

ಆ ದಿನ ಕಾಗಿನೆಲೆಯಲ್ಲಿ ಜನ ಇಳಿಯುತ್ತಿದ್ದರು. ನಾನು ಹಿಂದಿನ ಸೀಟಿನ ಹತ್ತಿರ ತಲೆ ಬಗ್ಗಿಸಿ ಟಿಕೆಟ್ ಬರೆಯುತ್ತಿದ್ದೆ. ಬಾಗಿಲ ಕಡೆ ನೋಡದೆಯೇ 'ರೈಟ್' ಎಂದೆ. ಶಾಬುದ್ದೀನ ಗಾಡಿ ಎತ್ತಿದ. ಮೆಟ್ಟಿಲ ಮೇಲೆ ಇನ್ನೂ ಒಬ್ಬ ಮುದುಕಿ ಇದ್ದಳು. ಬಿದ್ದು ಸೊಂಟ ಮುರಿಯಿತು.

ವಿಚಾರಣೆಯಲ್ಲಿ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: 'ನೀವು ರೈಟ್ ಹೇಳಿದ್ರೋ ಇಲ್ಲೋ?' ಶಾಬುದ್ದೀನ ನನ್ನ ಎದುರಿಗೇ ನಿಂತಿದ್ದ. ನಾನು 'ಇಲ್ರಿ' ಎಂದೆ. ಆ ತಿಂಗಳು ನನ್ನ ಬಡ್ತಿಯ ಕಾಗದ ಮೇಲೆ ಹೋಗಿತ್ತು. ಅವನ ಕೆಲಸ ಹೋಯಿತು. ಹೊರಗೆ ಬಂದಾಗ ಅವನು ನನಗೆ ಬೈಯಲಿಲ್ಲ. 'ಕೊಟ್ರಪ್ಪಾ, ನಿನ್ನ ದನಿ ನನಗ ಗೊತ್ತಾಗೂದಿಲ್ಲೇನೋ' ಎಂದ. ಅಷ್ಟೇ. ಎರಡು ವರ್ಷಕ್ಕೆ ಅವನ ಎದೆ ನಿಂತಿತು.

ಇದನ್ನು ಬರೆದರೆ ನೀನು ಹೋಗುತ್ತೀ ಎಂದು ಬರೆಯುತ್ತಿಲ್ಲ. ಬರೆದ ಮೇಲೆ ಹೋಗದೇ ಇದ್ದರೂ ನಿನ್ನದೇ ಸರಿ. ಇದು ಬರೆಯಬೇಕಾದದ್ದು ನಿನ್ನ ತಾಯಿಗೆ. ಅಲ್ಲಿಗೆ ಹೋಗಲು ಇನ್ನೂ ಕಾಲು ಬರುತ್ತಿಲ್ಲ.

ಕೊಟ್ರಪ್ಪ


ಮುರ್ಮಾನ್ಸ್ಕ್
27 ಜನವರಿ 2025

ಕಾಕಾ,

ನಾನು ಮುರ್ಮಾನ್ಸ್ಕ್‌ನಲ್ಲಿದ್ದೇನೆ. ಸುನೀಲ ಇಲ್ಲಿ ಇಲ್ಲ.

ಗಾಬರಿಯಾಗಬೇಡಿ, ಬದುಕಿದ್ದಾನೆ. ಶುಕ್ರವಾರ ಕಾಲು ತೆಗೆದರು, ಮೊಣಕಾಲಿನ ಕೆಳಗೆ. ಜ್ವರ ಇಳಿಯಿತು. ನಿನ್ನೆ ಸಂಜೆ ಕಂಪನಿಯವರು ಅವನನ್ನು ಮಾಸ್ಕೋದ ದೊಡ್ಡ ಆಸ್ಪತ್ರೆಗೆ ವಿಮಾನದಲ್ಲಿ ಕಳಿಸಿದ್ದಾರೆ. ಆ ಹೊತ್ತಿನಲ್ಲಿ ನಾನು ರೈಲಿನಲ್ಲಿದ್ದೆ. ಇಲ್ಲಿಯ ಆಕಾಶ ಅವನಿಗೆ ತೆರೆದಿತ್ತು.

ಶನಿವಾರದ ವಿಮಾನವೂ ರದ್ದಾಯಿತು. ನಿಲ್ದಾಣದಿಂದ ನೇರವಾಗಿ ರೈಲ್ವೆ ಸ್ಟೇಷನ್ನಿಗೆ ಹೋದೆ. ಸಂಜೆ ಹತ್ತಿದೆ. ನಡುವೆ ಒಂದು ಜಂಕ್ಷನ್ನಿನಲ್ಲಿ ಇಳಿದು ಬೇರೆ ರೈಲು. ಬರೀ ಕಾಡು, ಹಿಮ, ಅಲ್ಲೊಂದು ಇಲ್ಲೊಂದು ದೀಪ. ಇವತ್ತು ಬೆಳಿಗ್ಗೆ ಇಳಿದೆ. ಇಲ್ಲಿ ಹನ್ನೊಂದಾದರೂ ಬೆಳಕು ಸರಿಯಾಗಿ ಮೂಡಿರಲಿಲ್ಲ. ಗಲೀನಾ ನನ್ನನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡರು. ಅವನು ಮಲಗಿದ್ದ ಮಂಚ ತೋರಿಸಿದರು. ಹೊಸ ಚಾದರ ಹಾಸಿ ಆಗಿತ್ತು. ಇನ್ನೊಬ್ಬ ರೋಗಿಯನ್ನು ತರುವವರಿದ್ದರು, ನಾನು ಸರಿದು ನಿಂತೆ.

ಈಗ ನನ್ನ ಮಾತು. 'ಬೇರೆ ದಾರಿ ಇಲ್ಲ' ಎಂದು ನಿಮಗೆ ಮೊದಲ ಪತ್ರದಲ್ಲೇ ಬರೆದೆನಲ್ಲ, ಆಗಲೇ ನನಗೆ ಈ ರೈಲು ಗೊತ್ತಿತ್ತು. ನನ್ನ ರೂಮಿನ ಹುಡುಗಿ ವರ್ಷಕ್ಕೆರಡು ಸಲ ಇದರಲ್ಲೇ ಊರಿಗೆ ಹೋಗುತ್ತಾಳೆ. ಅವತ್ತು ಸಂಜೆ ಹತ್ತಿದ್ದರೆ ಹದಿನೈದಕ್ಕೆ ಅವನ ಮಂಚದ ಪಕ್ಕ ಇರುತ್ತಿದ್ದೆ. ಪರೀಕ್ಷೆಯ ಕಾರಣ ಇತ್ತು, ಸುಳ್ಳಲ್ಲ. ಆದರೆ ಅದೊಂದೇ ಅಲ್ಲ. ನಿಮ್ಮ ಅಕ್ಷರ ನೋಡಿದ ಕೂಡಲೇ ಅಬ್ಬಾ ನೆನಪಾದರು. ಕೆಲಸ ಹೋದ ಮೇಲೆ ದಿನಾ ಬೆಳಿಗ್ಗೆ ಖಾಕಿ ಅಂಗಿ ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿ, ಮತ್ತೆ ಕೆಲಸಕ್ಕೆ ಕರೆಯುತ್ತಾರೆಂದು ಕಾಯುತ್ತಿದ್ದರು. ಕಾಯಲಿ ಒಂದು ವಾರ, ಕಾಯುವುದು ಏನೆಂದು ಇವರಿಗೂ ಗೊತ್ತಾಗಲಿ ಎಂದುಕೊಂಡೆ. ಕಾಯುತ್ತಿದ್ದವನು ಸುನೀಲ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ.

ನೀವು ಕಾಗಿನೆಲೆಯದು ಬರೆದಿರಿ. ಅದು ನನಗೆ ಹದಿಮೂರನೇ ವಯಸ್ಸಿನಿಂದ ಗೊತ್ತು. ಅಬ್ಬಾ ಅಮ್ಮಿಗೆ ಹೇಳಿದ್ದು ಒಳಗಿನ ಕೋಣೆಯಿಂದ ಕೇಳಿಸಿಕೊಂಡಿದ್ದೆ. ನಿಮ್ಮ ಬಾಯಿಂದ ಅದನ್ನು ಕೇಳಿದ ದಿನ ಮನಸ್ಸು ಹಗುರಾದೀತು ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

ನಾನು ಬೇಗ ಬಂದಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಇಲ್ಲಿಯ ಡಾಕ್ಟರನ್ನು ಕೇಳಿದೆ. 'ಇಲ್ಲ, ನೀನು ಬಂದರೂ ಕಾಲು ಅದೇ ಕಾಲು' ಎಂದರು. ಆದರೆ ಹದಿನೇಳು ದಿನ ಅವನ ಜೊತೆ ಯಾರೂ ಒಂದು ಕನ್ನಡದ ಮಾತು ಆಡಿಲ್ಲ. ಆ ಲೆಕ್ಕಕ್ಕೆ ಡಾಕ್ಟರು ಸಿಗುವುದಿಲ್ಲ.

ಮಾಸ್ಕೋದ ವಾರ್ಡಿನ ನಂಬರು ಕೆಳಗೆ ಬರೆದಿದ್ದೇನೆ. ಅಲ್ಲಿ ಇಂಗ್ಲಿಷ್ ಬಲ್ಲವರಿದ್ದಾರೆ.

ದಿಲನಾಜ


ರಾಣೆಬೆನ್ನೂರು
30 ಮಾರ್ಚ್ 2025

ಚಿ. ದಿಲನಾಜಳಿಗೆ,

ಎರಡು ತಿಂಗಳು ನಿನಗೆ ಬರೆಯಲಿಲ್ಲ. ಸಿಟ್ಟು ಎಂದು ತಿಳಿದಿರಬಹುದು. ನಿನ್ನ ಪತ್ರ ಓದಿ ಸಿಟ್ಟು ಬರಲಿ ಎಂದು ನಾನೇ ಕಾದೆ. ನಾಲ್ಕು ದಿನ ಕಾದರೂ ಬರಲಿಲ್ಲ. 'ಇಲ್ರಿ' ಎಂದ ಬಾಯಿ ನಿನ್ನ 'ಬೇರೆ ದಾರಿ ಇಲ್ಲ' ಎಂಬ ಮಾತಿಗೆ ಏನು ಹೇಳೀತು?

ಸುನೀಲ ಮನೆಗೆ ಬಂದ. ಮಾರ್ಚ್ ಹದಿನೆಂಟಕ್ಕೆ ದಿಲ್ಲಿಯಿಂದ ಬೆಂಗಳೂರಿಗೆ ಬಂದವನನ್ನು ಕಾರು ಮಾಡಿಕೊಂಡು ಕರೆತಂದೆ. ನನ್ನ ಪಾಸ್‌ಪೋರ್ಟ್ ಅದರ ಮರುದಿನ ಅಂಚೆಯಲ್ಲಿ ಬಂತು.

ಗಾಯ ಮಾಗಿದೆ. ಊಟ ಮಾಡುತ್ತಾನೆ. ಮಾತು ಕಡಿಮೆ. ಪ್ರೇಮವ್ವ ಅವನ ಮುಂದೆ ಕೂತು ಊರಿನ ಸುದ್ದಿಯೆಲ್ಲ ಹೇಳುತ್ತಾಳೆ. 'ಹೂಂ' ಎನ್ನುತ್ತಾನೆ. ಶೆಡ್ಡಿನ ಗೆಳೆಯರು ಬಂದರೆ ಚಾದರ ಎಳೆದುಕೊಂಡು ಗೋಡೆಯ ಕಡೆ ತಿರುಗುತ್ತಾನೆ.

ಮೊನ್ನೆ ಸೋಮವಾರ ನಿನ್ನ ತಾಯಿ ಬಂದಿದ್ದರು. ಹೇಳದೆ ಕೇಳದೆ ಬ್ಯಾಡಗಿಯಿಂದ ಬಸ್ಸಿಗೆ ಬಂದು ಬಾಗಿಲಲ್ಲಿ ನಿಂತಿದ್ದರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಿಂದ ನೇರ ಎದ್ದು ಬಂದಂತಿತ್ತು, ಸೆರಗಿನ ಘಾಟಿಗೆ ಪ್ರೇಮವ್ವ ಸೀನಿದಳು. ನಾನು ಎದ್ದು ನಿಂತು 'ಸೈದಾಬಿ, ಬರ್ರಿ, ಕುಂದ್ರಿ' ಎಂದೆ. 'ಹುಡುಗನ್ನ ನೋಡಾಕ ಬಂದೇನಿ, ನಿಮ್ಮನ್ನ ನೋಡಾಕ ಅಲ್ಲ' ಎಂದರು. ಸುನೀಲನ ಮಂಚದ ಮೇಲೆ ಕೂತು, ಉಳಿದ ಕಾಲನ್ನು ಅರ್ಧ ತಾಸು ಒತ್ತಿದರು. ಅವನು ಚಾದರ ಎಳೆದುಕೊಳ್ಳಲಿಲ್ಲ.

ಹೋಗುವಾಗ ನಾನು ಬಾಗಿಲವರೆಗೆ ಹೋಗಿ, ಕಾಗಿನೆಲೆಯ ಮಾತು ಎತ್ತಿದೆ. ಎಲ್ಲವನ್ನೂ ಹೇಳಿದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದರು. 'ಇದನ್ನ ಅವರು ಇದ್ದಾಗ ಹೇಳಿದ್ರ ಭಾಳ ಖುಷಿ ಪಡ್ತಿದ್ರು' ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿನ್ನಿಂದ ಒಂದು ಸಹಾಯ ಬೇಕು. ಸುನೀಲ ಮಧ್ಯಾಹ್ನ ಜೋಂಪು ಹತ್ತಿದಾಗ ಒಮ್ಮೊಮ್ಮೆ ಹೆದರಿ ಎದ್ದು ಕೂಡುತ್ತಾನೆ. ಮೈಯೆಲ್ಲ ಬೆವರು. ಬಾಯಲ್ಲಿ ಒಂದೇ ಶಬ್ದ: 'ಜಾವ್ತ್ರಾ, ಜಾವ್ತ್ರಾ.' ಹತ್ತು ದಿನ ಕೇಳಿ ಕೇಳಿ ನಿನ್ನೆ ಧೈರ್ಯ ಮಾಡಿ ಕೇಳಿದೆ, ಹಾಗೆಂದರೆ ಏನಪ್ಪಾ ಎಂದು. ಮೊದಲ ಸಲ ಅಷ್ಟುದ್ದ ಮಾತಾಡಿದ.

'ಕಾಲು ಕಡಿಯೂದಕ್ಕ ಅವರು ಅನ್ನೂ ಮಾತಪ್ಪಾ ಅದು. ನರ್ಸಮ್ಮ ದಿನಾ ಬರಾಕಿ. ನನ್ನ ಕಾಲಿನ ಮ್ಯಾಲಿನ ಚಾದರ ಸರಿ ಮಾಡಾಕಿ, ನಕ್ಕೋಂತ ಜಾವ್ತ್ರಾ ಅನ್ನಾಕಿ. ಯಾಕ ನಗ್ತಾಳ ಅಂತ ತಿಳೀತಿದ್ದಿಲ್ಲ. ನಾ ಬ್ಯಾಡ ಬ್ಯಾಡ ಅಂತ ಕೈ ಮುಗೀತಿದ್ದೆ. ಆಕಿ ಮತ್ತ ಅದನ್ನ ಅನ್ನಾಕಿ. ಹತ್ತು ಹನ್ನೆರಡು ದಿನ, ದಿನಾ ಅಂದ್ಲು. ಒಂದು ದಿನ ಕಡದಽ ಬಿಟ್ರು.'

ಆ ಹೆಣ್ಣುಮಗಳು ಹಾಗೇಕೆ ಮಾಡಿದಳು? ಆ ಶಬ್ದದ ಅರ್ಥ ಏನು? ನೀನು ಅವಳನ್ನು ಕಂಡವಳು. ತಿಳಿದರೆ ಅವನಿಗೆ ಸಮಾಧಾನ ಹೇಳಲು ನನಗೊಂದು ದಾರಿಯಾದೀತು.

ಕೊಟ್ರಪ್ಪ


ಅರ್ಖಾಂಗೆಲ್ಸ್ಕ್
2 ಏಪ್ರಿಲ್ 2025

ಕಾಕಾ,

ಮೂರು ದಿನ ಈ ಪತ್ರ ಬರೆದು ಹರಿದೆ.

'ಜಾವ್ತ್ರಾ' ಎಂದರೆ ನಾಳೆ.

ಗಲೀನಾಗೆ ದಿನವೂ ಫೋನ್ ಮಾಡುತ್ತಿದ್ದೆನಲ್ಲ, ಮೊದಲ ದಿನವೇ ಅವರು ಕೇಳಿದರು, ಅವನಿಗೆ ಏನು ಹೇಳಲಿ ಎಂದು. ನಾನು ಬರುತ್ತೇನೆ ಎಂದು ಹೇಳಿ, ಇಪ್ಪತ್ತೊಂದಕ್ಕೆ, ಎಂದೆ. 'ಅದು ದೂರವಾಯಿತು. ಹಾಸಿಗೆ ಹಿಡಿದವನಿಗೆ ಅಷ್ಟು ದೂರದ ದಿನ ಹೇಳಬಾರದು, ನಾಳೆ ಎನ್ನುತ್ತೇನೆ. ನಾಳೆಗೆಂದರೆ ಯಾರಾದರೂ ಕಾಯುತ್ತಾರೆ' ಎಂದರು. ನಾನು ಹೂಂ ಎಂದೆ. ಆಮೇಲೆ ವಿಮಾನ ರದ್ದಾದಾಗಲೆಲ್ಲ ನಾನೇ ಫೋನಿನಲ್ಲಿ ಅದನ್ನು ಹೇಳಿದೆ. ನಾಳೆ ಎನ್ನಿ, ನಾಳೆ ಎನ್ನಿ. 'ನಿನ್ನ ತಂಗಿ ನಾಳೆ ಬರುತ್ತಾಳೆ' ಎಂದು ಅವರು ಹೇಳುತ್ತಿದ್ದರು. ಅವನಿಗೆ ಉಳಿದ ಮಾತು ತಿಳಿಯಲಿಲ್ಲ, ಅದೊಂದು ಕಿವಿಯಲ್ಲಿ ನಿಂತಿದೆ.

ಗಲೀನಾ ಕೆಟ್ಟವರಲ್ಲ. ಚಾದರ ಸರಿಮಾಡಿದ್ದು ಚಳಿಗೆ. ನಕ್ಕಿದ್ದು ಧೈರ್ಯ ಬರಲಿ ಎಂದು. ಅವನು ಕೈ ಮುಗಿದದ್ದನ್ನು ಅವರು ನನಗೆ ಹೇಳಿದ್ದರು, 'ನೀನು ಬರುವ ಸುದ್ದಿ ಕೇಳಿ ದೇವರಿಗೆ ಕೈ ಮುಗಿಯುತ್ತಾನೆ, ಒಳ್ಳೆಯ ಹುಡುಗ' ಎಂದು. ನಾನೂ ಹಾಗೇ ತಿಳಿದೆ. ಅವತ್ತು ಹಾಸ್ಟೆಲ್ಲಿನಲ್ಲಿ ಕೂತು ಸಂತೋಷಪಟ್ಟೆ.

ಅಷ್ಟೂ ದಿನ ಅವನನ್ನು ಹೆದರಿಸಿದ್ದು ನಾನು. ಏನೂ ಹೇಳದೆ ಇದ್ದಿದ್ದರೆ ಅವನು ಬರೀ ನೋವು ತಿನ್ನುತ್ತಿದ್ದ.

ಇದನ್ನು ಅವನಿಗೆ ಹೇಳುವುದೋ ಬಿಡುವುದೋ ನೀವು ನೋಡಿ. ನನ್ನ ಹೆಸರು ಮುಚ್ಚಿ ಹೇಳಬೇಡಿ. ಹೇಳುವುದಾದರೆ ಎಲ್ಲವನ್ನೂ ಹೇಳಿ, ರೈಲಿನದನ್ನೂ.

ದಿಲನಾಜ


ರಾಣೆಬೆನ್ನೂರು
6 ಏಪ್ರಿಲ್ 2025

ದಿಲನಾಜ ಮಗಳೇ,

ಇವತ್ತು ಬೆಳಿಗ್ಗೆ ಪ್ರೇಮವ್ವ ಮಾರ್ಕೆಟ್ಟಿಗೆ ಹೋದಾಗ ಸುನೀಲನ ಹತ್ತಿರ ಕೂತು ನಿನ್ನ ಪತ್ರಗಳನ್ನೆಲ್ಲ ಓದಿದೆ. ಏನನ್ನೂ ಬಿಡಲಿಲ್ಲ. ಪರೀಕ್ಷೆಯದು, ರೈಲು ಮುಚ್ಚಿಟ್ಟದ್ದು, ನನ್ನ ಮೇಲಿನ ಸಿಟ್ಟು, ನಾಳೆ ಎಂಬ ಮಾತು. ನಾನು ವಿಚಾರಣೆಯಲ್ಲಿ ಆಡಿದ ಸುಳ್ಳನ್ನೂ ಅವನಿಗೆ ಇವತ್ತೇ ಹೇಳಿದೆ, ಅದಿಲ್ಲದೆ ನಿನ್ನ ಸಿಟ್ಟು ಅವನಿಗೆ ತಿಳಿಯುತ್ತಿರಲಿಲ್ಲ.

ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ನಿದ್ದೆ ಹತ್ತಿತೇನೋ ಎಂದು ನಾನು ಏಳಲು ಹೋದೆ.

'ಹಂಗಾರ ಖರೇನಽ ಬರಾಕಿ ಇದ್ಲೇನು?' ಎಂದ.

'ಬಂದಿದ್ಲು. ನೀ ಹ್ವಾದ ಮರುದಿನ ಬಂದು ನಿನ್ನ ಮಂಚ ನೋಡ್ಯಾಳ.'

'ಒಬ್ಬಾಕಿನೇ?'

'ಒಬ್ಬಾಕಿನೇ. ಒಂದೂವರಿ ದಿನ ರೈಲಿನ್ಯಾಗ.'

ಅವನ ಬೆನ್ನು ಅಲುಗುತ್ತಿತ್ತು. ಮುಟ್ಟಲೋ ಬೇಡವೋ ಎಂದು ಕೈ ಎತ್ತಿ ಹಾಗೇ ಕೂತಿದ್ದೆ. ಆಗ ಗೋಡೆಯ ಕಡೆಗೇ ಮುಖ ಇಟ್ಟುಕೊಂಡು ಹೇಳಿದ:

'ಅಲ್ಲಿ ಥಂಡಿ ನಿನಗ ಗೊತ್ತಿಲ್ಲಪ್ಪಾ. ಸ್ಟೇಷನ್ನಿಗೆ ಇಳದಾಗ ಆಕಿ ಕೈಗೆ ಗ್ಲೌಸ್ ಹಾಕ್ಕೊಂಡಿದ್ಲೋ ಇಲ್ಲೋ ಕೇಳು.'

ಕೇಳುತ್ತಿದ್ದೇನೆ. ಹಾಕಿಕೊಂಡಿದ್ದೆಯಾ?

ಕೊಟ್ರಪ್ಪ ಕಾಕಾ